ಕೇಳುವ ಮೊದಲೇ ಬಂದ ಬಸ್ಸು

ವಿಧಾನ ಪರಿಷತ್ತಿನ ಸದಸ್ಯೆ ಸುವರ್ಣಮ್ಮನವರಿಗೆ ಆ ಬುಧವಾರ ಬೆಳಿಗ್ಗೆ ಬಂದ ಫೋನು ಸಂತೋಷದ್ದೇ. ಆದರೆ ಆ ಸಂತೋಷ ಯಾವ ಲೆಕ್ಕದಲ್ಲಿ ಬಂತೆಂಬುದು ಅವರಿಗೆ ತಿಳಿಯಲಿಲ್ಲ. ಸಿರುಗುಪ್ಪ ತಾಲ್ಲೂಕಿನ ದೊಡ್ಡಮಾಳದಿಂದ ಮಂಜಮ್ಮ ಮಾತನಾಡುತ್ತಿದ್ದಳು.

"ಬಸ್ಸು ಬಂತ್ರಿ ಅಕ್ಕಾರ! ನಿನ್ನೆ ಸಂಜಿಗೆ ಬಂದು ಅಗಸಿ ಮುಂದ ನಿಂತಿತ್ತು. ಇವತ್ತು ನಸುಕಿನ್ಯಾಗ ಬಳ್ಳಾರಿಗೆ ಹೋತು. ಇನ್ನ ದಿನಾ ಹಿಂಗ ಅಂತ."

"ಯಾವ ಬಸ್ಸು?"

"ಇದೇನ್ರಿ ಹಿಂಗ ಕೇಳ್ತೀರಿ? ನೀವು ಸರ್ಕಾರಕ್ಕ ಕೇಳಿದ್ರಲ್ಲ, ಅದ ಬಸ್ಸು."

ಸುವರ್ಣಮ್ಮ ಇನ್ನೂ ಕೇಳಿರಲಿಲ್ಲ. ಬೆಳಗಾವಿಯ ಅಧಿವೇಶನದಲ್ಲಿ ಅವರ ಪ್ರಶ್ನೆ ಬರುವುದು ಮುಂದಿನ ವಾರದ ಗುರುವಾರ. ನಿಯಮದಂತೆ ಮೊದಲೇ ಬರೆದು ಕಳುಹಿಸಿದ್ದರು, ಅಷ್ಟೆ. ಕೇಳದ ಪ್ರಶ್ನೆಗೆ ಬಸ್ಸು ಬಂದದ್ದು ಹೇಗೆ?

ಮಂಜಮ್ಮನ ಗಂಡ ಸುಂಕಪ್ಪನ ಎರಡೂ ಮೂತ್ರಪಿಂಡಗಳು ಕೆಟ್ಟು ವರ್ಷವಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಬಳ್ಳಾರಿಯ ಆಸ್ಪತ್ರೆಯಲ್ಲಿ ಆತನಿಗೆ ಡಯಾಲಿಸಿಸ್. ಬೆಳಿಗ್ಗೆ ಎಂಟಕ್ಕೆ ಹಾಸಿಗೆಯ ಬಳಿ ಇರಬೇಕು. ತಡವಾದರೆ ಹಾಸಿಗೆ ಸಾಲಿನಲ್ಲಿರುವ ಇನ್ನೊಬ್ಬರಿಗೆ. ಎರಡು ಬಾರಿ ತಪ್ಪಿದರೆ ಹೆಸರೇ ಹೋಗುತ್ತದೆ. ದೊಡ್ಡಮಾಳಕ್ಕೆ ಹಚ್ಚೊಳ್ಳಿಯ ಕಡೆಯಿಂದ ಬರುವ ಮೊದಲ ಬಸ್ಸು ಏಳೂವರೆಯದು. ಆದ್ದರಿಂದ ಗಂಡ ಹೆಂಡತಿ ಹಿಂದಿನ ದಿನವೇ ಬಂದು ಆಸ್ಪತ್ರೆಯ ಜಗಲಿಯಲ್ಲಿ ಮಲಗುತ್ತಿದ್ದರು. ಮಂಜಮ್ಮ ಸುವರ್ಣಮ್ಮನವರ ಬಳ್ಳಾರಿಯ ಮನೆಗೆ ಬಂದು, ಕೂಡ್ರು ಎಂದರೂ ಕೂಡ್ರದೆ, ಇದನ್ನೆಲ್ಲ ಹೇಳಿದ್ದಳು. "ಮಲಗಾಕ ನಾವು ಹೆದ್ರಂಗಿಲ್ರಿ. ಚಳಿಗೆ ಅವರ ಕಾಲು ಬಾತುಕಂತಾವು. ಹಿಂಗಾದ್ರ ಚಳಿಗಾಲ ದಾಟಂಗಿಲ್ಲ" ಎಂದಿದ್ದಳು. "ನಾನು ಕೇಳ್ತೀನಿ" ಎಂದು ಸುವರ್ಣಮ್ಮ ಮಾತು ಕೊಟ್ಟಿದ್ದರು.

ಅವರ ಆಪ್ತ ಸಹಾಯಕ ಕರಿಬಸವ; ಕಾರು ಓಡಿಸುವವನೂ ಅವನೇ. ಅವನನ್ನು ಕರೆದು, "ಇದು ಹೆಂಗಲೇ?" ಎಂದು ಕೇಳಿದರು.

"ನಿಮ್ಮ ಹೆಸರಿಗೆ ಅಷ್ಟು ತೂಕ ಐತ್ರಿ ಅಕ್ಕಾರ. ಪ್ರಶ್ನಿ ಹೋಗಿದ್ದು ನೋಡೇ ನಡುಗ್ಯಾರ."

"ನಾನು ಹೊಸಬಿ. ನನ್ನ ನೋಡಿ ನಮ್ಮ ಮನಿ ನಾಯಿನೂ ನಡುಗಂಗಿಲ್ಲ."

"ಬಸ್ಸಂತೂ ಬಂದೈತಿ. ಬಂದಿದ್ದಕ್ಕ ಯಾಕ್ ಬಂತು ಅಂತ ಯಾರಾರ ಕೇಳ್ತಾರೇನ್ರಿ?"

ಆ ಮಾತು ಸುವರ್ಣಮ್ಮನವರಿಗೆ ಒಪ್ಪಿಗೆಯಾಗಲಿಲ್ಲ. ಅವರು ಕುರುಗೋಡಿನ ಕಾಳು ವ್ಯಾಪಾರಿಗಳ ಮನೆಯ ಸೊಸೆ. ಒಳಗೆ ಬಂದ ಮೂಟೆ ಎಲ್ಲಿಂದ ಬಂತೆಂದು ತಿಳಿಯದೆ ಕೋಣೆಗೆ ಹಾಕಿಸುವ ಅಭ್ಯಾಸ ಆ ಮನೆಯಲ್ಲಿರಲಿಲ್ಲ. ಆದರೂ ದೊಡ್ಡಮಾಳದವರು ಸನ್ಮಾನಕ್ಕೆ ಕರೆದಾಗ ಒಪ್ಪಿಕೊಂಡರು. ಪರಿಷತ್ತಿಗೆ ಅವರನ್ನು ಆರಿಸಿದವರು ಇಂಥ ಊರುಗಳ ಪಂಚಾಯಿತಿ ಸದಸ್ಯರೇ. ಕರೆದಾಗ ಹೋಗದಿದ್ದರೆ ಮುಂದೆ ಕರೆಯುವವರಿರುವುದಿಲ್ಲ.

ಸೋಮವಾರ ಸಂಜೆ ಅವರು ದೊಡ್ಡಮಾಳ ತಲುಪಿದಾಗ ಬಸ್ಸು ಆಗಲೇ ಊರಬಾಗಿಲಾದ ಅಗಸಿಯ ಮುಂದೆ ನಿಂತಿತ್ತು. ಊರಿನವರು ಅದಕ್ಕೆ ಮಾಡಿದ್ದ ಉಪಚಾರ ಬೀಗರಿಗೆ ಮಾಡುವಂಥದು. ರಾತ್ರಿ ತಂಗುವ ಬಸ್ಸಿನ ಸಿಬ್ಬಂದಿಗೆ ಹನುಮಪ್ಪನ ಗುಡಿಯ ಪಕ್ಕದ ಕೋಣೆಯನ್ನು ಸುಣ್ಣ ಬಳಿದು ಬಿಟ್ಟುಕೊಟ್ಟಿದ್ದರು. ಊಟಕ್ಕೆ ಮನೆಮನೆಗೆ ಪಾಳಿ. ಯಾರ ಪಾಳಿಯೋ ಅವರ ಮನೆಯಲ್ಲಿ ಅಂದು ಎರಡು ಬಗೆಯ ಪಲ್ಯ. "ಡ್ರೈವರಿಗೆ ಹೊಟ್ಟಿ ತಂಪಾದ್ರ ಬಸ್ಸು ಊರು ಬಿಡಂಗಿಲ್ರಿ" ಎಂದು ಪಂಚಾಯಿತಿ ಅಧ್ಯಕ್ಷ ಮೈಲಾರಲಿಂಗಪ್ಪ ವಿವರಿಸಿದರು. ಹಾಗೆ ಅವರು ಗಾಢವಾಗಿ ನಂಬಿದ್ದರು.

ಮಂಗಳವಾರ ನಸುಕಿನಲ್ಲಿ ಬಸ್ಸಿನ ಮುಂದೆ ತೆಂಗಿನಕಾಯಿ ಒಡೆಯಲಾಯಿತು. ಬಸ್ಸಿಗೊಂದು ಚೆಂಡುಹೂವಿನ ಹಾರ, ಸುವರ್ಣಮ್ಮನವರಿಗೊಂದು. ಮೇಲೆ ಶಾಲು. ಅದೇ ಬಸ್ಸಿನಲ್ಲಿ ಬಳ್ಳಾರಿಯವರೆಗೆ ಹೋಗುವುದಾಗಿ ಅವರು ಒಪ್ಪಿದ್ದರು. ಕರಿಬಸವ ಕಾರನ್ನು ಹಿಂದೆ ತರಬೇಕಿತ್ತು. ಹತ್ತುವಾಗ ಹಾರ ತೆಗೆಯಲು ಕೈಯೆತ್ತಿದರೆ ಮೈಲಾರಲಿಂಗಪ್ಪ ಅಡ್ಡ ಬಂದರು.

"ತಗೀಬ್ಯಾಡ್ರಿ ಅಕ್ಕಾರ. ಬಳ್ಳಾರಿ ಮುಟ್ಟಾಗಂಟ ಇರ್ಲಿ. ದೊಡ್ಡಮಾಳದ ಬಸ್ಸು ಯಾರು ತಂದ್ರು ಅಂತ ನಾಕ್ ಮಂದಿ ನೋಡ್ಲಿ."

ಕಟ್ಟಿದ ಹಾರವನ್ನು ಕಟ್ಟಿದವರ ಕಣ್ಣೆದುರು ತೆಗೆಯುವುದು ಆ ಸೀಮೆಯಲ್ಲಿ ಸಲ್ಲದು. ಸುವರ್ಣಮ್ಮ ಹಾರದೊಂದಿಗೇ ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತರು. ಪಕ್ಕದ ಸಾಲಿನಲ್ಲಿ ಮಂಜಮ್ಮ, ಆಕೆಯ ಹೆಗಲಿಗೆ ತಲೆಯಿಟ್ಟು ಸುಂಕಪ್ಪ.

ಹಚ್ಚೊಳ್ಳಿ ದಾಟುವಷ್ಟರಲ್ಲಿ ಬೆಳಕು ಹರಿದಿತ್ತು. ಕಾಲುವೆಯ ಗುಂಟ ಭತ್ತದ ಗದ್ದೆಗಳು ಕೊಯ್ಲಾಗಿ ಬರಿದಾಗಿದ್ದವು. ಆಗ ಸುವರ್ಣಮ್ಮನವರ ಕಣ್ಣಿಗೆ ಚಾಲಕನ ಸೀಟು ಬಿತ್ತು. ಅದರ ಮೇಲೆ ದಪ್ಪ ನೀಲಿ ಜೀನ್ಸ್ ಬಟ್ಟೆಯ ಗವಸು. ಅಂಚಿಗೆ ಹಳದಿ ದಾರದ ಎರಡು ಸಾಲು ಹೊಲಿಗೆ. ಗೇರಿನ ತಲೆಗೂ ಅದೇ ಬಟ್ಟೆಯ ಕುಲಾವಿ. ಹಿಂಬದಿಗೆ ಒಂದು ಜೇಬು ಕೂಡ ಇತ್ತು. ಅದರಲ್ಲಿ ಚಾಲಕನ ಕನ್ನಡಕದ ಡಬ್ಬಿ.

"ಚೊಲೋ ಹೊಲ್ದಾರಲ್ಲಪ್ಪ. ದೊಡ್ಡಮಾಳದಾಗ ಇಂಥ ದರ್ಜಿ ಯಾರಿದಾರ?"

ಚಾಲಕನ ಹೆಸರು ಜೋಗಪ್ಪ. ರಸ್ತೆಯ ಮೇಲಿನ ಕಣ್ಣು ತೆಗೆಯದೆ ನಕ್ಕ.

"ದೊಡ್ಡಮಾಳದವರೇನು ಹೊಲೀತಾರ್ರಿ, ಇವರು ಉಣ್ಣಾಕ ಹಾಕಿ ಸಾಯಿಸ್ತಾರ. ಇದು ಕಲ್ಲಹಾಳ ಹೆಣ್ಮಕ್ಳು ಹೊಲ್ದಿದ್ದು. ಬಳ್ಳಾರ್ಯಾಗ ಜೀನ್ಸ್ ಹೊಲಿಯಾಕ ಬರ್ತಾರಲ್ರಿ, ಅವರು. ಹೋದ ವಾರದಗಂಟ ನಾನು ಅಲ್ಲೇ ಇದ್ದೆ."

"ಎಲ್ಲಿ?"

"ಕಲ್ಲಹಾಳಾಗ್ರಿ. ಕುರುಗೋಡು ತಾಲ್ಲೂಕು. ಕೊಳಗಲ್ಲು ದಾಟಿ..."

"ಅದು ಎಲ್ಲೈತಿ ಅಂತ ನನಗ ಹೇಳಬ್ಯಾಡ. ನಿನ್ನ ಬಸ್ಸು ಎಲ್ಲಿತ್ತು ಅದನ್ನ ಹೇಳು."

"ಬಸ್ಸೂ ಅಲ್ಲೇ ಇತ್ರಿ. ಇದ ಬಸ್ಸು."

ಸುವರ್ಣಮ್ಮ ಹಾರವನ್ನು ಸ್ವಲ್ಪ ಸರಿಸಿಕೊಂಡರು. ಕಲ್ಲಹಾಳಿನ ಬಸ್ಸು ಅವರೇ ಕೇಳಿದ್ದು, ಹಿಂದಿನ ಅಧಿವೇಶನದಲ್ಲಿ. ಬಂದಾಗ ಅಲ್ಲಿಯೂ ಹಾರ ಹಾಕಿಸಿಕೊಂಡಿದ್ದರು.

"ಈಗ ಕಲ್ಲಹಾಳಿಗೆ ಯಾವ ಬಸ್ಸು ಹೋಗ್ತೈತಿ?"

"ನನಗ್ಯಾಂಗ ಗೊತ್ರಿ? ಹೋಗು ಅಂದಲ್ಲಿ ಹೋಗಾಂವ ನಾನು."

"ಅದಕ್ಕೂ ಮೊದ್ಲು ಎಲ್ಲಿದ್ದಿ?"

"ತೆಕ್ಕಲಕೋಟಿ ಕಡೀಗೆ ಒಂದು ಕ್ಯಾಂಪಿನಾಗ್ರಿ. ಭತ್ತ ಬೆಳೆಯಾಕ ಆಂಧ್ರದಿಂದ ಬಂದು ನೆಲಿಸಿದ ತೆಲುಗು ಮಂದಿ. ಅವರ ಪಪ್ಪು, ಅಂದ್ರ ಬ್ಯಾಳಿ, ಉಂಡು ಉಂಡು ನನಗೂ ತೆಲುಗು ಬಂತು."

"ಆ ಕ್ಯಾಂಪಿನವರು ಬಸ್ಸು ಹೋತು ಅಂತ ನನಗ ಒಂದು ಫೋನೂ ಮಾಡ್ಲಿಲ್ಲಲ್ಲ."

"ನಿಮ್ಮ ನಂಬರು ಇದ್ದಿಲ್ಲೇನೋ ಅವರ ಹತ್ರ." ಜೋಗಪ್ಪ ಒಂದು ತಿರುವು ದಾಟಿಸಿ, ತುಸು ದನಿ ತಗ್ಗಿಸಿದ. "ಒಂದು ಮಾತು ಕೇಳ್ತೀನ್ರಿ ಅಕ್ಕಾರ, ಬೈಬ್ಯಾಡ್ರಿ. ಮುಂದಿನ ಸಾರಿ ಯಾವೂರು ಕೇಳ್ತೀರಿ? ಮೊದ್ಲ ಹೇಳಿದ್ರ ಹಾಸಿಗಿ ಸುತ್ತಿ ಇಟ್ಕಂತೀನಿ."

ನಗಬೇಕೋ ಬೇಡವೋ ಸುವರ್ಣಮ್ಮನವರಿಗೆ ತಿಳಿಯಲಿಲ್ಲ. ಕಲ್ಲಹಾಳಿಗೆ ಬೇರೊಂದು ಬಸ್ಸು ಹಾಕಿರಲೇಬೇಕು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಹಾಕಿರದಿದ್ದರೆ ಯಾರಾದರೂ ಹೇಳುತ್ತಿದ್ದರು. ಯಾರೂ ಹೇಳಿಲ್ಲ, ಆದ್ದರಿಂದ ಹಾಕಿದ್ದಾರೆ. ಈ ತೀರ್ಮಾನ ಬಳ್ಳಾರಿ ತಲುಪುವವರೆಗೆ ನಿಂತಿತು.

ಬಳ್ಳಾರಿಯ ಬಸ್ ನಿಲ್ದಾಣದಲ್ಲಿ, ಕಂಬದ ಬುಡದಲ್ಲಿ, ಏಳೆಂಟು ಮಂದಿ ಹೆಂಗಸರು ರೊಟ್ಟಿಯ ಗಂಟು ಬಿಚ್ಚಿ ಕುಳಿತಿದ್ದರು. ಬಸ್ಸು ಒಳಗೆ ತಿರುಗುತ್ತಲೇ ಅವರಲ್ಲೊಬ್ಬಳು ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಎದ್ದಳು. ಕಲ್ಲಹಾಳಿನ ಹೊನ್ನೂರಮ್ಮ.

"ಏ ಜೋಗಣ್ಣ! ಎಲ್ಲಿ ಹಾಳಾಗಿ ಹೋಗಿದ್ದ್ಯೋ? ನಾವು ಹಾಲಿನ ಗಾಡ್ಯಾಗ ಕ್ಯಾನಿನ ಮ್ಯಾಲ ಕುಂತು ಬರಾಕ ಹತ್ತೀವಿ, ನೀನು ಹೂವಿನ ಹಾರ ಹಾಕ್ಕಂಡು ಮೆರೀತಿ!"

"ನನಗೇನು ಗೊತ್ತವ್ವ, ಹೋಗು ಅಂದ್ರು, ಹೋದೆ."

"ಹಂಗಾರ ಇಳಿ ಕೆಳಗ." ಆಕೆ ಚಾಲಕನ ಬಾಗಿಲು ತೆಗೆದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಸೀಟಿನ ಗವಸನ್ನು ಹಿಡಿದೆಳೆದಳು. ಗಟ್ಟಿ ಹೊಲಿಗೆ, ಬೇಗ ಬಿಡಲಿಲ್ಲ. "ಇದು ನಮ್ಮೂರ ಬಸ್ಸಿಗೆ ಹೊಲ್ದಿದ್ದು. ಊರು ಬಿಟ್ಟ ಮ್ಯಾಲ ಗವಸು ಯಾಕ? ಕನ್ನಡಕ ತಗಾ ನಿಂದು."

ಅಷ್ಟರಲ್ಲಿ ಪ್ರಯಾಣಿಕರ ಬಾಗಿಲಿನಿಂದ ಸುವರ್ಣಮ್ಮ ಇಳಿದರು. ಕೊರಳಲ್ಲಿ ಚೆಂಡುಹೂವಿನ ಹಾರ, ಮೈಮೇಲೆ ಶಾಲು. ಕಂಬದ ಬುಡದ ಹೆಂಗಸರು ರೊಟ್ಟಿಯ ಗಂಟು ಬಿಟ್ಟು ಎದ್ದು ನಿಂತರು. ಹೊನ್ನೂರಮ್ಮ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಓಹೋ! ಅಕ್ಕಾರು! ಯಾರ ಮದುವಿಗೆ ಹೋಗಿದ್ರಿ?"

"ಹೊನ್ನೂರಮ್ಮ, ನಿಮ್ಮೂರಿಗೆ ಬ್ಯಾರೆ ಬಸ್ಸು ಹಾಕಿಲ್ಲೇನು?"

"ಹಾಕ್ಯಾರಲ್ರಿ, ಹಾಲಿನ ಗಾಡಿ. ಅರ್ಧ ಮಂದಿ ಹಿಡಿತೈತಿ. ಉಳಿದೋರು ಮನ್ಯಾಗ ಕುಂತಾರ, ಕೆಲಸ ಬಿಟ್ಟು. ನಮ್ಮ ಹಾರ ಬಾಡಿತು ಅಂತ ಇವರ ಹತ್ರ ಹೊಸಾದು ಹಾಕಿಸ್ಕಂಡ್ರೇನು?"

ಸುಂಕಪ್ಪನ ತೋಳು ಹಿಡಿದು ಮೆಲ್ಲಗೆ ಇಳಿಸುತ್ತಿದ್ದ ಮಂಜಮ್ಮನಿಗೆ ಇದನ್ನು ಸಹಿಸಲಾಗಲಿಲ್ಲ. "ಏನವ್ವ, ನಮ್ಮೂರ ಬಸ್ಸಿಗೆ ನೀನ್ಯಾಕ ಬಾಯಿ ಮಾಡ್ತಿ? ಅಕ್ಕಾರು ನಮಗ ಕೊಡಿಸ್ಯಾರ."

"ನಮಗೂ ಕೊಡಿಸಿದ್ರು ತಾಯಿ. ಇದನ್ನ. ಇದ ಬಸ್ಸನ್ನ!" ಎಂದ ಹೊನ್ನೂರಮ್ಮನ ಕಣ್ಣು ಸುಂಕಪ್ಪನ ಬಾತ ಕಾಲುಗಳ ಮೇಲೆ, ತೋಳಿಗೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಬಿತ್ತು. ದನಿ ಇಳಿಯಿತು. "ಎಷ್ಟಕ್ಕ ಹೋಗ್ಬೇಕು ದವಾಖಾನಿಗೆ?"

"ಎಂಟಕ್ಕ."

"ಮತ್ತ ಇಲ್ಲಿ ನಿಂತು ನನ್ನ ಕೂಡ ಏನು ಜಗಳ ಮಾಡ್ತಿ? ಹೋಗು, ಹೋಗು. ಏ ಆಟೋ!"

ಆಟೋ ಹೊರಟುಹೋಯಿತು. ಹೊನ್ನೂರಮ್ಮ ಗವಸನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಸುವರ್ಣಮ್ಮನವರ ಎದುರು ನಿಂತಳು. ಈಗ ಆಕೆಯ ಮುಖದಲ್ಲಿ ಕುಚೋದ್ಯವಿರಲಿಲ್ಲ.

"ಅಕ್ಕಾರ, ಆ ಮನುಷ್ಯಾನ ಮ್ಯಾಲ ಸಿಟ್ಟು ಮಾಡಾಕ ಬರಂಗಿಲ್ಲ. ಜೋಗಣ್ಣನ ಮ್ಯಾಲೂ ಬರಂಗಿಲ್ಲ. ಯಾರ ಮ್ಯಾಲ ಮಾಡ್ಬೇಕು ಅದನ್ನಾರ ಹೇಳ್ರಿ, ಅವರ ಮ್ಯಾಲ ಮಾಡ್ತೀನಿ."

ಸುವರ್ಣಮ್ಮ ಕೊರಳಿಗೆ ಕೈಹಾಕಿದರು. ಬಳ್ಳಾರಿ ಮುಟ್ಟಿಯಾಗಿತ್ತು, ಹಾರ ತೆಗೆದು ಕರಿಬಸವನ ಕೈಗೆ ಕೊಟ್ಟರು. ಅಲ್ಲಿಂದ ನೇರವಾಗಿ ಡಿಪೋಗೆ ಹೋದರು.

ಡಿಪೋ ವ್ಯವಸ್ಥಾಪಕ ಇನ್ನೂ ನಲವತ್ತು ದಾಟದವನು. ಬೇರೆ ಜಿಲ್ಲೆಯಿಂದ ಬಂದವನು. ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ. ಅವನಲ್ಲಿ ಮುಚ್ಚುಮರೆ ಇರಲಿಲ್ಲ. ಸುವರ್ಣಮ್ಮನವರಿಗೆ ಅದೇ ಹೆಚ್ಚು ಗಲಿಬಿಲಿ ಮಾಡಿತು.

"ಕಲ್ಲಹಾಳಿನ ಬಸ್ಸು ತಗದು ದೊಡ್ಡಮಾಳಕ್ಕ ಹಾಕೀರಿ. ಕಲ್ಲಹಾಳಿನವರ ಗತಿ ಏನು?"

"ಮೇಡಂ, ಈ ಅಧಿವೇಶನದಲ್ಲಿ ಕಲ್ಲಹಾಳಿನ ಪ್ರಶ್ನೆ ಇಲ್ಲವಲ್ಲ."

"ಪ್ರಶ್ನಿ ಇಲ್ಲಂದ್ರ ಊರೂ ಇಲ್ಲೇನು?"

"ಹಾಗಲ್ಲ ಮೇಡಂ. ತಾವು ಪ್ರಶ್ನೆ ಕಳಿಸಿದ ಕೂಡಲೇ ಮೇಲಿನಿಂದ ನಮಗೆ ಪತ್ರ ಬರುತ್ತದೆ. ತುರ್ತು ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತದೆ. ದೊಡ್ಡಮಾಳಕ್ಕೆ ಬೆಳಗಿನ ಬಸ್ಸು ಇಲ್ಲ ಎಂದು ಬರೆದರೆ, ಏಕಿಲ್ಲ ಎಂದು ಮತ್ತೊಂದು ಪತ್ರ. ಏಕಿಲ್ಲ ಎಂದು ಬರೆದರೆ, ಏನು ಕ್ರಮ ಕೈಗೊಂಡಿರಿ ಎಂದು ಇನ್ನೊಂದು. ಇದೆ ಎಂದು ಬರೆದರೆ ಅಲ್ಲಿಗೆ ಮುಗಿಯಿತು."

"ಅದಕ್ಕ ಇಲ್ಲದ್ದು ಐತಿ ಅಂತ ಬರೀತೀರಿ."

ವ್ಯವಸ್ಥಾಪಕನಿಗೆ ನೋವಾಯಿತು. "ಸದನಕ್ಕೆ ಸುಳ್ಳು ಬರೆಯುವ ಪದ್ಧತಿ ನಮ್ಮಲ್ಲಿಲ್ಲ ಮೇಡಂ. ಮೊದಲು ಬಸ್ಸು ಬಿಡುತ್ತೇವೆ, ಆಮೇಲೆ ಬರೆಯುತ್ತೇವೆ."

"ಬಿಡೋ ಬಸ್ಸು ಎಲ್ಲಿಂದ ಬರ್ತೈತಿ?"

"ಪ್ರಶ್ನೆ ಇಲ್ಲದ ಊರಿನಿಂದ."

ಆತ ಇದನ್ನು ಗುಣಾಕಾರದ ಮಗ್ಗಿ ಒಪ್ಪಿಸಿದಷ್ಟು ಸಹಜವಾಗಿ ಹೇಳಿದ. ಹೆಚ್ಚಿನ ಬಸ್ಸಿಗಾಗಿ ಮೇಲೆ ಕೇಳಿದ್ದಾಗಿದೆ, ಬಂದಿಲ್ಲ ಎಂದೂ ಸೇರಿಸಿದ. ಮೇಡಂ ಅವರೇ ಸದನದಲ್ಲಿ ಒತ್ತಾಯಿಸಿದರೆ ಒಳ್ಳೆಯದು.

"ಏನಂತ ಕೇಳ್ಲಿ?"

"ಇಂಥ ಊರಿಗೆ ಬಸ್ಸು ಬೇಕು ಎಂದು ಕೇಳಬೇಕು. ಊರಿನ ಹೆಸರಿಲ್ಲದೆ ಪ್ರಶ್ನೆ ಮುಂದಕ್ಕೆ ಹೋಗುವುದಿಲ್ಲ."

"ಹೆಸರು ಹೇಳಿದ್ರ ನೀವು ಇನ್ನೊಂದು ಊರಿಂದು ಕಿತ್ತು ಅಲ್ಲಿಗೆ ಹಾಕ್ತೀರಿ."

"ಹೌದು ಮೇಡಂ."

ಸುವರ್ಣಮ್ಮ ಚಹಾ ಮುಟ್ಟಲಿಲ್ಲ. ದೊಡ್ಡಮಾಳದಿಂದ ಬಂದ ಬಸ್ಸನ್ನೇ ಕೂಡಲೇ ಕಲ್ಲಹಾಳಿಗೆ ಓಡಿಸಬಾರದೇಕೆ ಎಂದು ಕೇಳಿದರು. ಆ ಹೆಂಗಸರ ಜೀನ್ಸ್ ಕಾರ್ಖಾನೆಯ ಬಾಗಿಲು ತೆರೆಯುವುದು ಒಂಬತ್ತಕ್ಕೆ, ಹೊತ್ತು ಸಾಲುತ್ತದೆ.

"ಆ ಬಸ್ಸು ಇಲ್ಲಿ ಸುಮ್ಮನೆ ನಿಲ್ಲುವುದಿಲ್ಲ ಮೇಡಂ. ಬಂದ ಕೂಡಲೇ ಮತ್ತೊಂದು ಊರಿಗೆ ಹೋಗುತ್ತದೆ. ಆ ಊರಿನ ಹೆಸರು ಹೇಳಲೇ?"

"ಬ್ಯಾಡ" ಎಂದು ಸುವರ್ಣಮ್ಮ ಎದ್ದರು.

ಮರುದಿನ ಬೆಳಗಾವಿಯ ದಾರಿಯಲ್ಲಿ ಕರಿಬಸವ ತನಗೆ ತಿಳಿದ ಉಪಾಯಗಳನ್ನೆಲ್ಲ ಹೇಳಿದ.

"ಉಪಪ್ರಶ್ನಿಯಾಗ ಕಲ್ಲಹಾಳು ಸೇರಿಸಿಬಿಡ್ರಿ ಅಕ್ಕಾರ."

"ಸೇರಿಸಿದ್ರ ದೊಡ್ಡಮಾಳದ್ದು ಹೋಗ್ತೈತಿ."

"ಹಂಗಾರ ಸುಮ್ನ ಕುಂದರ್ರಿ."

"ಕುಂತ್ರ ಕಲ್ಲಹಾಳಿನವರು ಹಾಲಿನ ಕ್ಯಾನಿನ ಮ್ಯಾಲ ಕುಂದರ್ತಾರ."

"ಹಂಗಾರ ಎರಡೂ ಹೆಸರು ಹೇಳ್ರಿ."

"ಹೇಳಿದ್ರ ಮೂರನೇ ಊರಿಂದು ಹೋಗ್ತೈತಿ. ಆ ಊರಿನವರೂ ನನಗ ಓಟು ಹಾಕಿದವರ."

ಕರಿಬಸವ ಒಂದು ಲಾರಿಯನ್ನು ಹಿಂದೆ ಹಾಕಿದ. "ನೀವು ಪ್ರಶ್ನಿ ಕೇಳದ ಇದ್ದಾಗ ನಮ್ಮ ಜಿಲ್ಲಾ ಸರಿ ಇತ್ತೇನ್ರಿ ಹಂಗಾರ?"

ಸುವರ್ಣಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಒಂದು ಕಡೆ ಕಳೆದದ್ದನ್ನು ಮತ್ತೊಂದು ಕಡೆ ಕೂಡಿಸಿದರೆ ಮೊತ್ತ ಬೆಳೆಯುವುದಿಲ್ಲ. ಇಷ್ಟನ್ನು ಅವರು ಅಂಗಡಿಯಲ್ಲಿ ಕಲಿತಿದ್ದರು. ಆದರೆ ಕೂಡಿಸಿದ ಕಡೆ ಒಬ್ಬ ಮನುಷ್ಯ ಬದುಕುತ್ತಿದ್ದಾನೆ. ಕಳೆದ ಕಡೆ ಹತ್ತಾರು ಮನೆಗಳ ಒಲೆ ತಣ್ಣಗಾಗುತ್ತಿದೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿಡುವುದು ಹೇಗೆಂದು ಅಂಗಡಿಯಲ್ಲಿ ಯಾರೂ ಕಲಿಸಿರಲಿಲ್ಲ. ಕೇಳುವುದು ಅವರ ಕೆಲಸ. ಕೇಳಿದರೆ ಕೆಡುತ್ತದೆ. ಕೇಳದಿದ್ದರೆ ಇದ್ದದ್ದು ಹಾಗೆಯೇ ಕೆಟ್ಟಿರುತ್ತದೆ.

ಗುರುವಾರ ಸಭಾಪತಿಗಳು ಅವರ ಹೆಸರು ಕರೆದರು. ಉತ್ತರದ ಹಾಳೆ ಎದುರಿಗಿತ್ತು. ದೊಡ್ಡಮಾಳ ಗ್ರಾಮಕ್ಕೆ ಬೆಳಗಿನ ಬಸ್ಸು ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿರುವುದಿಲ್ಲ, ಸದರಿ ಗ್ರಾಮಕ್ಕೆ ಬೆಳಗಿನ ಬಸ್ಸು ಸಂಚರಿಸುತ್ತಿದೆ. ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು? ಉದ್ಭವಿಸುವುದಿಲ್ಲ. ಸುವರ್ಣಮ್ಮ ಎರಡು ಬಾರಿ ಓದಿದರು. ಒಂದು ಅಕ್ಷರವೂ ಸುಳ್ಳಲ್ಲ. ಆ ಬಸ್ಸಿನಲ್ಲಿ ಅವರೇ ಬಂದಿದ್ದರು.

"ಮಾನ್ಯ ಸದಸ್ಯೆಯವರೇ, ಉತ್ತರ ತೃಪ್ತಿಕರವೇ?" ಎಂದರು ಸಭಾಪತಿಗಳು.

"ಉತ್ತರ ಸರಿಯಾಗಿದೆ, ಮಾನ್ಯ ಸಭಾಪತಿಗಳೇ. ಆದರೆ ಈ ಬಸ್ಸು ಇದಕ್ಕೂ ಮೊದಲು ಎಲ್ಲಿತ್ತು ಎಂಬುದನ್ನು ಸಚಿವರು ತಿಳಿಸಬೇಕು."

ಸಚಿವರು ಹಸನ್ಮುಖರಾಗಿ ಎದ್ದರು. "ಸಂಸ್ಥೆಯ ಬಸ್ಸು ಸಂಸ್ಥೆಯಲ್ಲೇ ಇತ್ತು." ಸದನ ನಕ್ಕಿತು. ಅವರು ಉದಾರಿಗಳೂ ಆಗಿದ್ದರು. "ಮಾನ್ಯ ಸದಸ್ಯೆಯವರ ಮನಸ್ಸಿನಲ್ಲಿ ಬೇರೆ ಯಾವುದೋ ಊರಿರುವಂತಿದೆ. ಸಂಕೋಚ ಬೇಡ, ಹೆಸರು ಹೇಳಲಿ. ನಾಳೆಯೇ ಬಸ್ಸು ಬಿಡಿಸುತ್ತೇನೆ."

ಸದಸ್ಯರು ಮೇಜು ಕುಟ್ಟಿದರು. ಅನೇಕರು ವರ್ಷಗಟ್ಟಲೆ ಕೇಳಿಯೂ ಪಡೆಯದ ಮಾತು ಅದು. "ಹೇಳಿ, ಹೇಳಿ" ಎಂದು ಹಿಂದಿನ ಸಾಲಿನಿಂದ ಅವರದೇ ಪಕ್ಷದವರು ಪಿಸುಗುಟ್ಟಿದರು. ಕಲ್ಲಹಾಳು ಎಂಬ ಹೆಸರು ಸುವರ್ಣಮ್ಮನವರ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ದೊಡ್ಡಮಾಳದ ಬಸ್ಸು ಹೋಗುತ್ತದೆ; ನಾಳೆ ಶುಕ್ರವಾರ, ಸುಂಕಪ್ಪನ ಡಯಾಲಿಸಿಸ್ಸಿನ ದಿನ.

"ಎಲ್ಲಿಂದ ಬಿಡಿಸ್ತೀರಿ?" ಎಂದರು. ಸದನದ ಭಾಷೆ ಕೈಬಿಟ್ಟು ಮನೆಯ ಮಾತೇ ಬಂದಿತ್ತು.

"ಎಲ್ಲಿಂದ ಎಂದರೆ? ಡಿಪೋದಿಂದ."

"ಡಿಪೋದಾಗ ಇಲ್ರಿ."

"ಅದು ನಮ್ಮ ಚಿಂತೆ. ತಾವು ಹೆಸರು ಹೇಳಿ."

"ಹೇಳಂಗಿಲ್ರಿ. ಯಾವೂರಿಗೂ ಹೋಗದ ಬಸ್ಸು ಒಂದಾರ ಐತೇನು ನಿಮ್ಮ ಹತ್ರ? ಇದ್ರ ಅದನ್ನ ಕೊಡ್ರಿ."

ಎರಡೂ ಕಡೆಯವರು ಒಟ್ಟಿಗೆ ನಕ್ಕರು. ಯಾವ ಊರಿಗೂ ಹೋಗದ ಬಸ್ಸನ್ನು ಓಡಿಸುವ ಪ್ರಸ್ತಾವನೆ ಸರ್ಕಾರದ ಮುಂದಿಲ್ಲ ಎಂದು ಸಚಿವರು ಕೈಜೋಡಿಸಿದರು. ಸಭಾಪತಿಗಳು ಮುಂದಿನ ಪ್ರಶ್ನೆ ಕರೆದರು. ಸುವರ್ಣಮ್ಮ ಇನ್ನೂ ನಿಂತೇ ಇದ್ದರು; ಧ್ವನಿವರ್ಧಕದ ಕೆಂಪು ದೀಪ ಆರಿದ್ದು ಅವರ ಗಮನಕ್ಕೆ ಬಂದಿರಲಿಲ್ಲ. ಪಕ್ಕದವರು ಸೆರಗು ಹಿಡಿದು ಕೂಡ್ರಿಸಿದರು.

ಶುಕ್ರವಾರ ದೊಡ್ಡಮಾಳದಿಂದ ಬಸ್ಸು ಬಂದಿತು, ಸುಂಕಪ್ಪನಿಗೆ ಹಾಸಿಗೆ ಸಿಕ್ಕಿತು. ಅಂದೇ ಅಧಿವೇಶನ ಮುಗಿಯಿತು. ಶನಿವಾರ ಹಿಂದಿರುಗುವ ದಾರಿಯಲ್ಲಿ ಎರಡು ಫೋನುಗಳು ಒಂದರ ಹಿಂದೊಂದು ಬಂದವು. ಮೊದಲನೆಯದು ಹೊನ್ನೂರಮ್ಮನದು.

"ಅಕ್ಕಾರ, ನಾನು ಅವತ್ತು ಬಾಯಿಗೆ ಬಂದಂಗ ಅಂದ್ನಿ, ಹೊಟ್ಯಾಗ ಹಾಕ್ಕಳ್ರಿ. ಜೋಗಣ್ಣ ಬಂದಾನ, ನಿನ್ನಿ ಸಂಜಿಗೆ. ಗವಸು ಮತ್ತ ಹಾಕೀವಿ. ಯಾವಾಗ ಬರ್ತೀರಿ ನಮ್ಮೂರಿಗೆ? ಈ ಸಾರಿ ಸೇವಂತಿಗಿ ಹಾರ."

"ಹಾರ ಬ್ಯಾಡವ್ವ" ಎಂದಷ್ಟೇ ಸುವರ್ಣಮ್ಮ ಹೇಳಿದರು.

ಎರಡನೆಯದು ಮಂಜಮ್ಮನದು. ಆಕೆ ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ತಿಳಿದುಕೊಳ್ಳಲು ಯತ್ನಿಸುತ್ತಿದ್ದಳು. "ನಿನ್ನಿ ಸಂಜಿಗೆ ಬಸ್ಸು ಬರ್ಲಿಲ್ರಿ. ಅಡಿಗಿ ಮಾಡಿ ಕಾದ್ರು ಊಟದ ಪಾಳಿಯವರು. ನೀವು ಯಾವೂರಿಗೂ ಹೋಗದ ಬಸ್ಸು ಕೊಡ್ರಿ ಅಂದ್ರಿ ಅಂತ ಟಿವಿಯಾಗ ಹೇಳಿದ್ರು. ಯಾಕ್ರಿ ಅಕ್ಕಾರ, ನಮ್ಮೂರಿಗೆ ಬರೋದು ಬ್ಯಾಡಾಗಿತ್ತೇನು?"

"ಹಂಗಲ್ಲ ಮಂಜಮ್ಮ."

"ಮತ್ತ ಹೆಂಗ್ರಿ?"

ಸುವರ್ಣಮ್ಮ ಡಿಪೋಗೆ ಫೋನು ಹಚ್ಚಿಸಿದರು. ವ್ಯವಸ್ಥಾಪಕ ಅದೇ ವಿನಯದಿಂದ ಉತ್ತರಿಸಿದ. "ಮೇಡಂ, ಬಸ್ಸು ಮೊದಲು ಎಲ್ಲಿತ್ತು ಎಂದು ತಾವು ಸದನದಲ್ಲಿ ಕೇಳಿದಿರಿ. ಸದಸ್ಯೆಯವರಿಗೆ ಅಸಮಾಧಾನವಾಗಿದೆ, ಎಲ್ಲಿತ್ತೋ ಅಲ್ಲಿಗೇ ಕಳಿಸಿ ಎಂದು ಮೇಲಿನಿಂದ ಹೇಳಿಕೆ ಬಂತು. ತಮ್ಮ ಇಚ್ಛೆಯಂತೆಯೇ ಆಗಿದೆ."

"ಹಂಗಾರ ಮತ್ತ ದೊಡ್ಡಮಾಳಕ್ಕ ಹಾಕ್ರಿ."

"ಹಾಕಬಹುದು ಮೇಡಂ. ಆದರೆ ಕಲ್ಲಹಾಳಿನಿಂದ ತೆಗೆಯಬೇಕಾಗುತ್ತದೆ. ತೆಗೆಯಲೇ?"

ಕಾರು ರಸ್ತೆಯ ಮೇಲೆ ಓಡುತ್ತಲೇ ಇತ್ತು. ಕರಿಬಸವ ಕನ್ನಡಿಯಲ್ಲಿ ಅವರ ಮುಖ ನೋಡಿ ಹಾಡಿನ ಪೆಟ್ಟಿಗೆಯನ್ನು ನಿಲ್ಲಿಸಿದ. ಸುವರ್ಣಮ್ಮ ತೆಗೆಯಿರಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಫೋನು ತಾನಾಗಿ ಕಡಿದುಹೋಯಿತು. ಕಡಿದದ್ದು ಯಾವ ಕಡೆಯಿಂದ ಎಂಬುದು ಅವರಿಗೂ ಖಚಿತವಿರಲಿಲ್ಲ.

ಸೋಮವಾರ ಸಂಜೆ ಅವರು ಕರಿಬಸವನನ್ನು ಕರೆದರು. "ಕಾರು ತಗಂಡು ದೊಡ್ಡಮಾಳಕ್ಕ ಹೋಗಿ ಮಲಕ್ಕ. ನಸುಕಿನ್ಯಾಗ ಅವರಿಬ್ರನ್ನ ಕರಕಂಡು ಬಾ."

"ನಾಳೆ ಕುರುಗೋಡಾಗ ನಿಮಗ ನೀರಿನ ಸಭಿ ಐತಲ್ರಿ. ಎರಡು ವಾರದಿಂದ ಅವರು ಕಾಯಾಕ ಹತ್ತ್ಯಾರ. ಕಾರು ಇಲ್ಲಂದ್ರ ಹೆಂಗ ಹೋಗ್ತೀರಿ?"

"ಹೋಗಂಗಿಲ್ಲ."

ಮಂಗಳವಾರ ಕುರುಗೋಡಿನ ಸಭೆ ಅವರಿಲ್ಲದೆ ನಡೆಯಿತೋ, ನಡೆಯದೆ ಹೋಯಿತೋ, ಯಾರೂ ತಿಳಿಸಲಿಲ್ಲ. ಎಂಟು ಹೊಡೆದು ಸ್ವಲ್ಪ ಹೊತ್ತಿಗೆ ಮಂಜಮ್ಮ ಫೋನು ಮಾಡಿದಳು.

"ಹಾಸಿಗಿ ಸಿಕ್ತ್ರಿ ಅಕ್ಕಾರ. ಸೂಜಿ ಚುಚ್ಚ್ಯಾರ, ಮಲಗ್ಯಾರ ಈಗ. ಕಾರಿನ್ಯಾಗ ದಾರಿಯುದ್ದಕ್ಕೂ ನಿದ್ದಿ ಮಾಡಿದ್ರು."

"ಚೊಲೋ ಆತು."

ಅತ್ತ ಕಡೆಯಿಂದ ಆಸ್ಪತ್ರೆಯ ಯಂತ್ರದ ಸದ್ದು ಕೇಳುತ್ತಿತ್ತು. ಮಂಜಮ್ಮ ಫೋನು ಇಡಲಿಲ್ಲ.

"ಶುಕ್ರವಾರ ಹೆಂಗ್ರಿ, ಅಕ್ಕಾರ?"

ಶುಕ್ರವಾರ ಕಾರು ಕೊಟ್ಟರೆ ಸಿರುಗುಪ್ಪದ ಪಂಚಾಯಿತಿಗಳ ಸಭೆ ತಪ್ಪುತ್ತದೆ. ಬಸ್ಸು ಕೊಡಿಸಿದರೆ ಕಲ್ಲಹಾಳಿನವರ ಕೆಲಸ ತಪ್ಪುತ್ತದೆ. ಏನೂ ಕೊಡದಿದ್ದರೆ ಸುಂಕಪ್ಪನ ಹಾಸಿಗೆ ತಪ್ಪುತ್ತದೆ. ಸುವರ್ಣಮ್ಮ ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು, ತಿರುಗಿಸಿ ಇಟ್ಟು ನೋಡಿದರು. ಎಲ್ಲಿಟ್ಟರೂ ಒಂದು ಹೊರಗೆ ಉಳಿಯುತ್ತಿತ್ತು.

"ನಸುಕಿನ್ಯಾಗ ಎದ್ದು ಅವರನ್ನ ಕರಕಂಡು ಅಗಸಿ ಮುಂದ ನಿಂತಿರು. ಏನಾರ ಒಂದು ಬರ್ತೈತಿ" ಎಂದರು.

"ಆತ್ರಿ" ಎಂದಳು ಮಂಜಮ್ಮ. ಏನು ಬರುತ್ತದೆ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಹೇಳಲು ಸುವರ್ಣಮ್ಮನವರಿಗೂ ತಿಳಿದಿರಲಿಲ್ಲ.